ಒಂದೇ ಕಾರಿನಿಂದ ಇಳಿದ ವಕೀಲರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನ ನಾಲ್ವರು ವಕೀಲರ ಕಚೇರಿಗಳನ್ನು ಒಂದು ಮಾಡುತ್ತೇನೆಂದು ಚನ್ನಗಿರಿಯ ವಕೀಲೆ ಅನ್ನಪೂರ್ಣ ಹೊರಟಾಗ ನಗದವರೇ ಇಲ್ಲ. ಊರವರ ಅಣ್ಣತಮ್ಮಂದಿರಿಗೆ ಪಾಲು ಮಾಡಿಸಿ ಬದುಕುವ ಜನ ತಾವೇ ಒಟ್ಟು ಕುಟುಂಬ ಹೂಡುತ್ತೇವೆಂದರೆ ಯಾರಿಗೆ ತಾನೇ ನಗು ಬರುವುದಿಲ್ಲ? ಕೋರ್ಟಿನ ಕ್ಯಾಂಟೀನಿನಲ್ಲಿ ಅವಳನ್ನು ಕಂಡರೆ ಸಾಕು, ಅಡುಗೆಮನೆ ಒಂದೇನಾ, ಒಲೆ ಬೇರೆಬೇರೆನಾ ಎಂದು ಕಾಲೆಳೆಯುತ್ತಿದ್ದರು. ಅನ್ನಪೂರ್ಣ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಅವಳ ಹಟಕ್ಕೆ ಕಾರಣವಿತ್ತು. ಬೆಂಗಳೂರಿನ ದೊಡ್ಡ ಕಚೇರಿಯೊಂದು ದಾವಣಗೆರೆಯಲ್ಲಿ ಶಾಖೆ ತೆರೆದಿತ್ತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಒಂದೊಂದು ವಿಷಯಕ್ಕೆ ಒಬ್ಬೊಬ್ಬ ತಜ್ಞ. ತಾಲ್ಲೂಕಿನ ಒಂಟಿ ವಕೀಲರು ಅದರ ಮುಂದೆ ಎಷ್ಟು ದಿನ ನಿಂತಾರು? ಇನ್ನು ಟಿವಿಯ ಮಾತು ಹೇಳುವುದೇ ಬೇಡ. ಜಮೀನಿನ ಬಗ್ಗೆ ಯಾವುದಾದರೂ ತೀರ್ಪು ಬಂದರೆ ಅದರ ಅರ್ಥ ಹೇಳಲು ಕೂರುವವರೂ ಅಂಥವರೇ. ಹುಟ್ಟಿದಾಗಿನಿಂದ ಡಾಂಬರು ಬಿಟ್ಟು ಕಾಲಿಡದವರು ಬಂಡಿ ದಾರಿಯ ಮೇಲೆ ಅರ್ಧ ಗಂಟೆ ಭಾಷಣ ಬಿಗಿಯುವುದನ್ನು ಕೇಳಿ ಕೇಳಿ ಅನ್ನಪೂರ್ಣಳಿಗೆ ಮೈ ಉರಿಯುತ್ತಿತ್ತು.

ಮೊದಲು ಒಪ್ಪಿದವಳು ಜಗಳೂರಿನ ಪುಷ್ಪಾ. ನಾಲ್ವರಲ್ಲಿ ಅವಳೇ ಚಿಕ್ಕವಳು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕೇಸುಗಳಲ್ಲಿ ಎತ್ತಿದ ಕೈ. ನ್ಯಾಮತಿಯ ವಿನಯ್ ಕುಮಾರ್ ಕಂದಾಯದ ವ್ಯವಹಾರಗಳನ್ನು ಬಲ್ಲವನು. ಅವನಿಂದ ಮಾತು ಹೊರಡಿಸುವುದೇ ಒಂದು ಕೆಲಸ. ಅವನು ತಲೆಯಾಡಿಸಿ ಒಪ್ಪಿದ. ಉಳಿದವರು ಹೊನ್ನಾಳಿಯ ಮೈಲಾರಿ. ಜೋರು ದನಿ, ದಪ್ಪ ಮೀಸೆ, ಮೂಗಿನ ತುದಿಯಲ್ಲೇ ಕೋಪ. ಅನ್ನಪೂರ್ಣ ವಕೀಲಿಕೆ ಶುರು ಮಾಡಿದ ದಿನದಿಂದ ಅವಳ ಎದುರು ಪಕ್ಷದಲ್ಲಿ ನಿಂತವರು ಅವರೇ. ಎದುರಾಳಿಯನ್ನು ಬಲ್ಲಷ್ಟು ಚೆನ್ನಾಗಿ ಗೆಳೆಯರನ್ನೂ ಬಲ್ಲೆವೆಂದು ಹೇಳಲಾಗದು. ಈ ಮನುಷ್ಯ ಇಲ್ಲದಿದ್ದರೆ ಕಚೇರಿಗೆ ತೂಕ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆರು ತಿಂಗಳು ಹೊನ್ನಾಳಿಗೆ ಎಡತಾಕಿ ಒಪ್ಪಿಸಿದಳು.

ಬೋರ್ಡಿನಲ್ಲಿ ಯಾರ ಹೆಸರು ಮೊದಲೆಂಬ ಜಗಳವೇ ಒಂದು ತಿಂಗಳು ನಡೆಯಿತು. ಹಿರಿತನ ಎಂದರು ಮೈಲಾರಿ. ಅಕ್ಷರಮಾಲೆ ಎಂದಳು ಅನ್ನಪೂರ್ಣ, ಅದರಲ್ಲಿ ತನಗೇ ಲಾಭವೆಂದು ತಿಳಿದೇ. ಕೊನೆಗೆ ಪುಷ್ಪಾ ಯಾರ ಹೆಸರೂ ಬೇಡವೆಂದು 'ನಾಲ್ಕೂರು ಲಾ ಚೇಂಬರ್ಸ್' ಎಂದು ಬರೆಸಿಬಿಟ್ಟಳು. ಚನ್ನಗಿರಿಯ ಬಸ್ ನಿಲ್ದಾಣದ ಹತ್ತಿರ ಮುಖ್ಯ ಕಚೇರಿ. ಉಳಿದ ಮೂರು ಊರಿನಲ್ಲಿ ಅವರವರ ಹಳೆಯ ಕಚೇರಿಯೇ ಶಾಖೆ. ದಾವಣಗೆರೆಯ ಸುದ್ದಿ ಚಾನೆಲ್ ಒಂದು ಕೂಡ ಒಪ್ಪಿತ್ತು. ಶನಿವಾರ ಚನ್ನಗಿರಿಯ ಸಮುದಾಯ ಭವನದಲ್ಲಿ ನಾಲ್ವರೂ ಜನರೆದುರು ಕಾನೂನಿನ ಮಾತು ಹೇಳಲಿ, ನೇರ ಪ್ರಸಾರ ಮಾಡೋಣ. ಚೆನ್ನಾಗಿದ್ದರೆ ವಾರವಾರ ನಡೆಸೋಣ, ಚೆನ್ನಾಗಿಲ್ಲದಿದ್ದರೆ ಇದೇ ಕೊನೆ ಎಂದಿದ್ದರು.

ಕುರ್ಚಿ, ಕಪಾಟು, ಪೂಜೆಯ ಗಳಿಗೆ, ಚಹಾದವನ ಲೆಕ್ಕ, ಎಲ್ಲವನ್ನೂ ನಾಲ್ವರು ಕೂತು ಯೋಚಿಸಿದ್ದರು. ಯಾರ ಕಕ್ಷಿದಾರ ಯಾರ ಮೇಲೆ ಕೇಸು ಹಾಕಿದ್ದಾನೆ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಇಂಥ ಮರೆವು ಎದುರುಬದುರು ನಿಂತು ನಿಂತು ಅದೇ ರೂಢಿಯಾದ ವಕೀಲರಿಗೆ ಮಾತ್ರ ಬರಲು ಸಾಧ್ಯ.

ಪೂಜೆ ಸೋಮವಾರ ಬೆಳಿಗ್ಗೆ ಮುಗಿಯಿತು. ಅಂದೇ ಹೊನ್ನಾಳಿ ಕೋರ್ಟಿನಲ್ಲಿ ಮೈಲಾರಿಗೂ ಕೆಲಸವಿತ್ತು, ಅನ್ನಪೂರ್ಣಳಿಗೂ ಕೆಲಸವಿತ್ತು. ಎರಡು ಕಾರು ಯಾಕೆಂದು ಅವಳ ಕಾರಿನಲ್ಲೇ ಹೊರಟರು. ದಾರಿಯುದ್ದಕ್ಕೂ ಮಾತು, ನಗು. ಕೋರ್ಟಿನ ಆವರಣದಲ್ಲಿ ಇಬ್ಬರೂ ಕಾರಿನ ಎರಡು ಬಾಗಿಲಿನಿಂದ ಒಟ್ಟಿಗೆ ಇಳಿದರು. ಮೈಲಾರಿಯ ಕೋಟು ಅನ್ನಪೂರ್ಣಳ ಕೈಯಲ್ಲಿತ್ತು, ಅನ್ನಪೂರ್ಣಳ ಫೈಲು ಮೈಲಾರಿಯ ಕೈಯಲ್ಲಿತ್ತು. ಎದುರಿಗೆ ಬೇವಿನ ಮರದ ಆ ಮಗ್ಗುಲಲ್ಲಿ ಅವಳ ಕಕ್ಷಿದಾರಳು ಸಾವಂತ್ರಮ್ಮ, ಈ ಮಗ್ಗುಲಲ್ಲಿ ಅವರ ಕಕ್ಷಿದಾರ ಸಣ್ಣತಿಮ್ಮಪ್ಪ.

ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದೆ ಆ ಮರದ ಎರಡು ಮಗ್ಗುಲಲ್ಲಿ ನಿಲ್ಲುತ್ತಿದ್ದ ಆ ಇಬ್ಬರೂ ಅಂದು ಮೊದಲ ಬಾರಿ ಮುಖ ಮುಖ ನೋಡಿಕೊಂಡರು.

"ಅನ್ನಪೂರ್ಣಮ್ಮ, ಒಂದೇ ಕಾರಿನಾಗೆ ಬಂದ್ರೇನ್ರಿ?" ಎಂದಳು ಸಾವಂತ್ರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅನ್ನಪೂರ್ಣಳಿಗೆ ಚುಚ್ಚಿತು.

ಕೇಸು ದೊಡ್ಡದೇನಲ್ಲ. ಎರಡು ತಾಲ್ಲೂಕಿನ ಗಡಿಯಲ್ಲಿ ಸಣ್ಣತಿಮ್ಮಪ್ಪನ ಅಪ್ಪನ ಹೊಲವಿತ್ತು. ಮುಂದಿನ ಅರ್ಧ ರಸ್ತೆಗೆ ಅಂಟಿಕೊಂಡಿದೆ. ಹಿಂದಿನ ಅರ್ಧವನ್ನು ಆ ಅಪ್ಪ ಸಾವಂತ್ರಮ್ಮನಿಗೆ ಮಾರಿದ್ದ. ಅವನಿದ್ದಷ್ಟು ದಿನ ಅವಳ ಬಂಡಿ ಮುಂದಿನ ಹೊಲದ ನಡುವೆಯೇ ಹಾಯ್ದು ಹೋಗುತ್ತಿತ್ತು. ಅವನು ತೀರಿಕೊಂಡ ಮೇಲೆ ಮಗ ಬೇಲಿ ಬಿಗಿದ. ಅಲ್ಲಿಂದ ಸಾವಂತ್ರಮ್ಮ ಮೆಕ್ಕೆಜೋಳದ ಚೀಲಗಳನ್ನು ಆಳುಗಳ ತಲೆ ಮೇಲೆ ಹೊರಿಸಿ, ಹಳ್ಳ ಸುತ್ತಿ ರಸ್ತೆಗೆ ತರುತ್ತಿದ್ದಳು. ಕೇಸು ಒಮ್ಮೆ ಮೇಲಿನ ಕೋರ್ಟಿಗೆ ಹೋಗಿ, ಮತ್ತೆ ಕೆಳಗೆ ಬಂದು, ಇನ್ನೂ ಉಸಿರಾಡುತ್ತಿತ್ತು. ಸಾವಂತ್ರಮ್ಮನ ವಕೀಲೆ ಅನ್ನಪೂರ್ಣ, ಸಣ್ಣತಿಮ್ಮಪ್ಪನ ವಕೀಲರು ಮೈಲಾರಿ.

ಕೋರ್ಟಿನಲ್ಲಿ ಅನ್ನಪೂರ್ಣ ತಾನಾಗಿಯೇ ಎದ್ದು ನಿಂತು, ತಮ್ಮ ಕಚೇರಿಗಳು ಒಂದಾಗಿರುವುದರಿಂದ ಈ ಕೇಸಿನಲ್ಲಿ ತೊಡಕಾಗಿದೆ, ಸಮಯ ಬೇಕು ಎಂದಳು. ದಿನಾಂಕ ಮುಂದಕ್ಕೆ ಹೋಯಿತು. ಆದರೆ ಸುದ್ದಿ ಯಾವ ದಿನಾಂಕಕ್ಕೂ ಕಾಯಲಿಲ್ಲ. ಸಂಜೆಯ ಹೊತ್ತಿಗೆ ಚನ್ನಗಿರಿಯ ಅಡಿಕೆ ಮಂಡಿಗಳ ಮುಂದೆ ಚಹಾ ಕುಡಿಯುವವರೆಲ್ಲ ಅದನ್ನೇ ಆಡಿಕೊಳ್ಳುತ್ತಿದ್ದರು. ವಾದಿ ಪ್ರತಿವಾದಿ ಇಬ್ಬರನ್ನೂ ಒಂದೇ ಅಂಗಡಿಯಲ್ಲಿ ಬೋಳಿಸುತ್ತಾರಂತೆ ಎಂಬುದು ಆ ಮಾತುಗಳಲ್ಲಿ ಸಭ್ಯವಾದದ್ದು.

ಮಂಗಳವಾರ ನಾಲ್ವರೂ ಹೊಸ ಕಚೇರಿಯಲ್ಲಿ ಕೂತರು. ಗೋಡೆಯ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ.

"ಇದಕ್ಕೇನು ತಲೆ ಮೇಲೆ ಕೈ ಹೊತ್ಕಂಡು ಕುಂತ್ರಿ?" ಎಂದರು ಮೈಲಾರಿ. "ಒಬ್ರನ್ನ ಬಿಟ್ಟು ಒಬ್ರನ್ನ ಇಟ್ಕಳಾಣ. ನೀವು ಆಯಮ್ಮನ್ನ ಬಿಡ್ರಿ."

"ಹೆಂಗೆ ಆಗ್ತೈತೆ ಸಾರ್? ಆಯಮ್ಮ ಮನೆ ಮಾತೆಲ್ಲ ನನಗೆ ಹೇಳೈತೆ. ಸಣ್ಣತಿಮ್ಮಪ್ಪ ನಿಮಗೆ ಹೇಳ್ಯಾನೆ. ಈಗ ನಾವಿಬ್ರೂ ಒಂದೇ ಕಚೇರಿ. ಯಾರನ್ನ ಇಟ್ಕಂಡ್ರೂ ಇನ್ನೊಬ್ರಿಗೆ ದ್ರೋಹ. ಇಬ್ರನ್ನೂ ಬಿಡ್ಬೇಕು."

"ಸಣ್ಣತಿಮ್ಮಪ್ಪ ನಂಗೆ ಬರೇ ಕಕ್ಷಿದಾರ ಅಲ್ಲ. ಅವ್ನ ಊರಿಗೆ ಊರೇ ನನ್ನ ಹತ್ರ ಬರೋದು ಅವ್ನ ಮುಖ ನೋಡಿ."

"ನಾನು ಕೋಟು ಹಾಕ್ಕಂಡಾಗ ಹೆಣ್ಣುಮಗಳಿಗೆ ಕೇಸು ಕೊಡಾಕೆ ಯಾರೂ ಬರ್ಲಿಲ್ಲ. ಮೊದ್ಲು ಬಂದಾಕೆ ಸಾವಂತ್ರಮ್ಮ," ಎಂದಳು ಅನ್ನಪೂರ್ಣ. ಯಾರ ಮುಂದೆ ಅಳಬಾರದೋ ಅವರ ಮುಂದೆಯೇ ಕಣ್ಣು ತುಂಬಿದ್ದಕ್ಕೆ ಅವಳಿಗೆ ತನ್ನ ಮೇಲೇ ಕೋಪ ಬಂತು.

ಪುಷ್ಪಾ ಇಬ್ಬರನ್ನೂ ಬಿಡುವುದೇ ಸರಿ ಎಂದಳು. ವಿನಯ್ ಕುಮಾರ್ ತಲೆಯಾಡಿಸಿದ. ಮೈಲಾರಿ ಮುಖ ಊದಿಸಿಕೊಂಡು ಎದ್ದರು. "ಆಯ್ತು. ಕೇಸು ಬಿಡ್ತೀನಿ. ಶನಿವಾರದ ಗಂಟ ನಿಮ್ ಜೊತೆಗಿರ್ತೀನಿ, ಮಾತು ಕೊಟ್ಟೀನಲ್ಲ. ಆಮೇಲೆ ನನ್ ಕಚೇರಿ ನಂದು, ನನ್ ಬೋರ್ಡು ನಂದು."

ಹೊನ್ನಾಳಿ ಹೋದರೆ ನಾಲ್ಕೂರು ಎಲ್ಲಿ ಉಳಿಯಿತು? ಶನಿವಾರದ ಸಭೆ ಕೆಟ್ಟರೆ ಚಾನೆಲ್ ಹೋಯಿತು, ಮೈಲಾರಿ ಹೋದರು, ಉಳಿದಿಬ್ಬರು ಎಷ್ಟು ದಿನ ಇದ್ದಾರು? ಅನ್ನಪೂರ್ಣ ಇಷ್ಟು ದಿನ ಕಟ್ಟಿದ್ದೆಲ್ಲ ಒಂದು ಸಂಜೆಯ ಮೇಲೆ ನಿಂತಿತ್ತು. ವಕೀಲರು ಕೇಸಿನಿಂದ ಹಿಂದೆ ಸರಿಯುವ ಅರ್ಜಿ ಎರಡು ಕಡೆಯಿಂದಲೂ ಕೋರ್ಟಿಗೆ ಹೋಯಿತು. ಸಾವಂತ್ರಮ್ಮನ ಮನೆಗೆ ಅನ್ನಪೂರ್ಣ ತಾನೇ ಹೋಗಿ ವಿಷಯ ಹೇಳಿ ಫೈಲು ಒಪ್ಪಿಸಿದಳು. ಆ ಹೆಂಗಸು ಫೈಲು ತೆಗೆದುಕೊಂಡಳು, ಕೂರು ಎನ್ನಲಿಲ್ಲ.

ಶನಿವಾರ ಸಮುದಾಯ ಭವನ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಕಾನೂನು ಕೇಳಲು ಇಷ್ಟು ಜನ ಬರುವುದು ಸುಳ್ಳು. ಜಗಳ ನೋಡಲು ಬಂದಿದ್ದರು. ಚಾನೆಲ್ಲಿನ ಹುಡುಗಿ ಸಂಧ್ಯಾರಾಣಿ ಕ್ಯಾಮೆರಾ ಪಕ್ಕದಲ್ಲಿ ನಿಂತು, ನೇರ ಪ್ರಸಾರ ಶುರುವಾಯಿತೆಂದು ಹೆಬ್ಬೆರಳು ತೋರಿಸಿದಳು. ಮೈಲಾರಿ ವೇದಿಕೆ ಹತ್ತಲಿಲ್ಲ. ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಅನ್ನಪೂರ್ಣ ವಾರಸಾ ಹಕ್ಕಿನ ಬಗ್ಗೆ ಮಾತಾಡಲು ಸಿದ್ಧಳಾಗಿ ಬಂದಿದ್ದಳು. ನಾಲ್ಕು ಮಾತು ಆಗಿತ್ತೋ ಇಲ್ಲವೋ, ಸಭೆಯ ನಡುವಿನಿಂದ ಸಾವಂತ್ರಮ್ಮ ಎದ್ದಳು.

"ಅದೆಲ್ಲ ಇರ್ಲಿ ಬಿಡ್ರಿ. ಹನ್ನೊಂದು ವರ್ಷ ನಿಮ್ಮನ್ನ ನಂಬಿದ್ದೆ. ನನ್ ದಾರಿ ಎಲ್ಲೈತೆ, ಅದನ್ನ ಹೇಳ್ರಿ."

ಇನ್ನೊಂದು ಕಡೆಯಿಂದ ಸಣ್ಣತಿಮ್ಮಪ್ಪನೂ ಎದ್ದ. "ನನ್ನನ್ನೂ ನಡುನೀರಾಗೆ ಕೈ ಬಿಟ್ರಲ್ಲ! ಇಬ್ರೂ ಸೇರ್ಕಂಡು ನಮ್ಮನ್ನ ಮಾರ್ಕಂಡ್ರೇನ್ರಿ?"

ಸಭೆ ಹೋ ಎಂದಿತು. ಯಾರೋ ಸಿಳ್ಳೆ ಹಾಕಿದರು. ಕ್ಯಾಮೆರಾ ಅತ್ತಿತ್ತ ತಿರುಗುತ್ತಿತ್ತು. ಕಾರ್ಯಕ್ರಮದ ನಂತರ ಮಾತಾಡೋಣ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ದೊಡ್ಡವರು ಹಾಗೇ ಮಾಡುತ್ತಾರೆ. ಅನ್ನಪೂರ್ಣ ಸಿದ್ಧಪಡಿಸಿದ ಹಾಳೆಗಳನ್ನು ಮಡಚಿ ಮೇಜಿನ ಮೇಲಿಟ್ಟಳು.

"ಕುಂತ್ಕಳ್ರಿ ಇಬ್ರೂ. ನಾನೀಗ ನಿಮ್ಮಿಬ್ರಿಗೂ ವಕೀಲಳಲ್ಲ. ಅದಕ್ಕೇ ಇವತ್ತು ನಿಮ್ಮಿಬ್ರಿಗೂ ಒಂದೇ ಮಾತು ಹೇಳಾಕೆ ಆಗ್ತೈತೆ. ನೀವು ನಮ್ಮ ಹತ್ರ ಗುಟ್ಟಾಗಿ ಹೇಳಿದ್ದು ಒಂದೂ ಬಾಯಿ ಬಿಡಲ್ಲ. ಕೋರ್ಟಿನಾಗೆ ಎಲ್ರ ಎದುರಿಗೆ ಆಡಿರೋದು, ಪುಸ್ತಕದಾಗೆ ಇರೋ ಕಾನೂನು, ಅಷ್ಟೇ. ಹೇಳ್ಲೇನು? ಇಬ್ರೂ ಒಪ್ಪಿದ್ರೆ ಹೇಳ್ತೀನಿ."

ಸಾವಂತ್ರಮ್ಮ ಹೂಂ ಎಂದಳು. ಅವಳು ಒಪ್ಪಿದ ಮೇಲೆ ತಾನು ಒಲ್ಲೆನೆಂದರೆ ಹೆದರಿದಂತಾಗುತ್ತದೆಂದು ಸಣ್ಣತಿಮ್ಮಪ್ಪನೂ ಹೂಂ ಎಂದ.

"ಒಂದೇ ಹೊಲ ಎರಡಾಗಿ, ಹಿಂದಿನ ಭಾಗ ಮಾರಿದ್ರೆ, ಹಿಂದಿನೋರಿಗೆ ಬೇರೆ ದಾರಿನೇ ಇಲ್ದಿದ್ರೆ, ಮುಂದಿನೋರು ದಾರಿ ಕೊಡ್ಲೇಬೇಕು. ಕರುಣೆ ಅಲ್ಲ ಅದು, ಕಾನೂನು. ಇಷ್ಟು ವರ್ಷ ಕೋರ್ಟಿನಾಗೆ ನಾನು ವಾದ ಮಾಡಿದ್ದು ಇದನ್ನೇ. ಸಾವಂತ್ರಮ್ಮಗೂ ಇದನ್ನೇ ಹೇಳ್ತಿದ್ದೆ."

ಸಾವಂತ್ರಮ್ಮ ಸುತ್ತಲೂ ನೋಡಿ, ಸೆರಗು ಸರಿಪಡಿಸಿಕೊಂಡಳು.

"ಆದ್ರೆ ಇದು ಅರ್ಧ," ಎಂದಳು ಅನ್ನಪೂರ್ಣ. "ಇನ್ನರ್ಧ ಮೈಲಾರಿ ವಕೀಲರ ಹತ್ರ ಐತೆ. ಸಾರ್, ಬರ್ರಿ ಮೇಲಕ್ಕೆ."

ಮೈಲಾರಿ ಅಲುಗಾಡಲಿಲ್ಲ. ಸಭೆಯ ಗದ್ದಲ ತಾನಾಗಿ ಅಡಗಿತು. ಈ ಮನುಷ್ಯ ಎದ್ದು ಬಾಗಿಲ ಕಡೆ ನಡೆದರೆ ತನ್ನ ಕಚೇರಿಯ ಕಥೆ ಇಲ್ಲಿಗೇ ಮುಗಿಯಿತು, ಅದೂ ಇಡೀ ಜಿಲ್ಲೆ ನೋಡುತ್ತಿರುವಾಗ, ಎಂದುಕೊಂಡಳು ಅನ್ನಪೂರ್ಣ. ಪಕ್ಕದಲ್ಲಿ ಪುಷ್ಪಾ ಅವಳ ಸೀರೆಯ ಅಂಚನ್ನು ಹಿಡಿದುಕೊಂಡಿದ್ದಳು. ಮೈಲಾರಿ ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು.

"ನನ್ ಅರ್ಧ ಇದು," ಎಂದರು. ಮೈಕು ಬೇಕಿರಲಿಲ್ಲ, ಅಂಥ ದನಿ. "ದಾರಿ ಕೊಡ್ಬೇಕು, ನಿಜ. ಆದ್ರೆ ಯಾವ ಕಡೆ ಅಂತ ತೋರ್ಸೋ ಹಕ್ಕು ಮುಂದಿನ ಹೊಲದೋನಿಗೆ ಐತೆ. ಹೊಲದ ನಡುವೆನೇ ಸೀಳ್ಕಂಡು ಹೋಗ್ತೀನಿ ಅನ್ನಾಕೆ ಬರಲ್ಲ. ಓಡಾಡಾಕೆ ತಕ್ಕಮಟ್ಟಿಗೆ ಅನುಕೂಲ ಇರೋ ಜಾಗ ತೋರಿಸಿದ್ರೆ ಮುಗೀತು."

ಈಗ ಸಣ್ಣತಿಮ್ಮಪ್ಪ ಸುತ್ತಲೂ ನೋಡುವ ಸರದಿ. ಅವನ ಊರಿನವರು ಚಪ್ಪಾಳೆ ತಟ್ಟಿದರು. ಮೈಲಾರಿ ಅಲ್ಲಿಗೆ ನಿಲ್ಲಿಸಿ ಇಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದೇ ಕಾನೂನಿನಲ್ಲಿ ಇನ್ನೂ ಒಂದು ವಾಕ್ಯವಿತ್ತು. ಅದು ಇಬ್ಬರು ವಕೀಲರಿಗೂ ಬಾಯಿಪಾಠ. ಅನ್ನಪೂರ್ಣ ಹೇಳಿದರೆ ಅದು ಸಾವಂತ್ರಮ್ಮನ ಪರ ವಾದವಾಗುತ್ತಿತ್ತು. ಮತ್ತೆ ಎರಡು ಪಕ್ಷ, ಮತ್ತೆ ಅದೇ ಬೇವಿನ ಮರ. ಹೇಳುವುದಾದರೆ ಮೈಲಾರಿಯೇ ಹೇಳಬೇಕು. ನಾಲಿಗೆ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ವಕೀಲರಿಗೆ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇಲ್ಲ.

ಮೈಲಾರಿ ಸಣ್ಣತಿಮ್ಮಪ್ಪನ ಮುಖ ನೋಡಿದರು. ಆಮೇಲೆ ಅನ್ನಪೂರ್ಣಳ ಮುಖ ನೋಡಿದರು. ಮೀಸೆಯ ಮೇಲೆ ಕೈಯಾಡಿಸಿಕೊಂಡರು.

"ಇನ್ನೊಂದು ಮಾತೈತೆ. ಮುಂದಿನ ಹೊಲದೋನು ದಾರಿ ತೋರಿಸ್ದೆ ಹಂಗೇ ಕುಂತ್ರೆ, ಆ ಹಕ್ಕು ಅವ್ನ ಕೈ ತಪ್ತೈತೆ. ಹಿಂದಿನೋರೇ ದಾರಿ ಗೊತ್ತು ಮಾಡ್ಕಳ್ಳಬೋದು."

ಸಣ್ಣತಿಮ್ಮಪ್ಪ ನಿಂತಲ್ಲೇ ಕಣ್ಣು ಕೆಂಪಗೆ ಮಾಡಿದ.

"ಏನ್ರಿ ಮೈಲಾರಪ್ಪ, ಹನ್ನೊಂದು ವರ್ಷ ನಿಮ್ಮ ಮೆಟ್ಲು ತುಳಿದೀನಿ. ಒಂದಿನಾನೂ ಇದನ್ನ ಜೋರಾಗಿ ಹೇಳ್ಲಿಲ್ವಲ್ಲ. ಯಾಕೆ?"

"ಆವಾಗ ನಾನು ನಿನ್ ವಕೀಲ ಆಗಿದ್ದೆ ಕಣಯ್ಯ!"

ಮೊದಲು ನಕ್ಕವಳು ಸಾವಂತ್ರಮ್ಮ. ಅವಳ ಹಿಂದೆ ಒಂದು ಸಾಲು, ಆಮೇಲೆ ಇನ್ನೊಂದು, ಆಮೇಲೆ ಇಡೀ ಭವನ. ಕ್ಯಾಮೆರಾದವನ ಹೆಗಲು ಕುಣಿಯುತ್ತಿತ್ತು. ಆ ದಿನದ ಪ್ರಸಾರದಲ್ಲಿ ಅಷ್ಟು ಹೊತ್ತು ಚಿತ್ರವೇ ಅಲುಗಾಡಿದೆ. ಸಣ್ಣತಿಮ್ಮಪ್ಪ ಎಷ್ಟು ಹೊತ್ತು ತಾನೇ ಹುಬ್ಬು ಗಂಟಿಕ್ಕಿಕೊಂಡಿದ್ದಾನು? ಅವನ ತುಟಿಯೂ ಸಡಿಲವಾಯಿತು.

"ಆಯಮ್ಮ ನನ್ ಹೊಲದಾಗೆ ದಾರಿ ಗೊತ್ತು ಮಾಡೋ ಗಂಟ ಕಾಯಾಕೆ ನಂಗೇನು ತಲೆ ಕೆಟ್ಟೈತಾ?" ಎಂದು ಕೂಗಿದ. "ನಾನೇ ತೋರಿಸ್ತೀನಿ. ಮೂಡಲ ಬದುವಿನ ಗುಂಟ. ನಡುವೆ ಮಾತ್ರ ಬರಾಂಗಿಲ್ಲ."

"ಬದುವಿನ ಮೂಲೆನಾಗೆ ಟ್ರ್ಯಾಕ್ಟರ್ ತಿರುಗ್ತೈತೇನೋ?" ಎಂದಳು ಸಾವಂತ್ರಮ್ಮ. ಅವಳು ಅವನೊಡನೆ ನೇರವಾಗಿ ಮಾತಾಡಿದ್ದು ಅವನ ಅಪ್ಪ ತೀರಿಕೊಂಡ ಮೇಲೆ ಅದೇ ಮೊದಲು.

"ಮೂಲೆ ಒಂಚೂರು ಸವರಿದ್ರೆ ತಿರುಗ್ತೈತೆ," ಎಂದು ವೇದಿಕೆಯ ಮೇಲಿನಿಂದ ಒಂದು ದನಿ ಬಂತು. ವಿನಯ್ ಕುಮಾರ್! ಅವನು ಬಾಯಿ ಬಿಟ್ಟಿದ್ದಕ್ಕೆ ಪುಷ್ಪಾ ಚಪ್ಪಾಳೆ ತಟ್ಟಿದಳು. ಅಲ್ಲಿಂದ ಚಪ್ಪಾಳೆ ನಿಲ್ಲಿಸುವವರೇ ಇರಲಿಲ್ಲ.

ಅನ್ನಪೂರ್ಣಳಿಗೆ ಆ ಗಳಿಗೆಯಲ್ಲಿ ಆದ ಸಂತೋಷವನ್ನು ಮುಚ್ಚಿಡುವುದೇಕೆ? ಅವಳು ಎಷ್ಟೋ ಕೇಸು ಗೆದ್ದಿದ್ದಳು. ಆದರೆ ಪ್ರತಿ ಗೆಲುವಿನಲ್ಲೂ ಎದುರಿಗೆ ಒಂದು ಬಾಡಿದ ಮುಖ ಇರುತ್ತಿತ್ತು. ಇಂದು ಅಂಥ ಮುಖಕ್ಕಾಗಿ ಹುಡುಕಿದಳು, ಸಿಗಲಿಲ್ಲ. ಮೈಲಾರಿ ಮೆಟ್ಟಿಲು ಇಳಿಯುತ್ತ, "ಮುಂದಿನ ವಾರ ಎಲ್ಲಿ, ಹೊನ್ನಾಳಿನಾಗಾ?" ಎಂದು ಗದರಿದ ಹಾಗೆ ಕೇಳಿದರು. ಬೋರ್ಡಿನ ಮಾತು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಚಾನೆಲ್ಲಿನವರು ವಾರವಾರ ಬೇಕೆಂದರು. ನಾಲ್ವರ ಹೆಸರಿನ ಕೆಳಗೂ 'ಕಾನೂನು ತಜ್ಞರು' ಎಂದು ಹಾಕುತ್ತೇವೆ ಎಂದಳು ಸಂಧ್ಯಾರಾಣಿ. ಮೈಲಾರಿ ಅದನ್ನು ಮನೆಯ ಟಿವಿಯಲ್ಲಿ ನಿಲ್ಲಿಸಿ ಫೋಟೊ ತೆಗೆದುಕೊಂಡರೆಂದು ಅವರ ಹೆಂಡತಿ ಪುಷ್ಪಾಳಿಗೆ ಹೇಳಿದ್ದಾರೆ. ಹರಿಹರದಿಂದ, ಹರಪನಹಳ್ಳಿಯಿಂದ ವಕೀಲರು ಫೋನು ಮಾಡಿ, ನಮ್ಮನ್ನೂ ಸೇರಿಸಿಕೊಳ್ಳುತ್ತೀರಾ ಎನ್ನತೊಡಗಿದರು. ಬೇರೆ ಮಾತಿಗೆ ಮೊದಲು ಅನ್ನಪೂರ್ಣ ಕೇಳುತ್ತಿದ್ದ ಪ್ರಶ್ನೆ ಒಂದೇ: ನಮ್ಮ ನಾಲ್ವರ ಕಕ್ಷಿದಾರರಲ್ಲಿ ನಿಮ್ಮವರು ಯಾರ ಮೇಲೆ ಕೇಸು ಹಾಕಿದ್ದಾರೆ? ಎಂಟು ದಿನ ಹುಡುಕಿ ಹೇಳಿ ಎಂದು ಕಳಿಸುತ್ತಿದ್ದಳು.

ಸಾವಂತ್ರಮ್ಮ, ಸಣ್ಣತಿಮ್ಮಪ್ಪ ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದು, ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಂಡರು. ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಇಬ್ಬರಿಂದಲೂ ಕರೆ ಬಂತು. ಅನ್ನಪೂರ್ಣ, ಮೈಲಾರಿ ಹೋದಾಗ ಸಾವಂತ್ರಮ್ಮನ ಟ್ರ್ಯಾಕ್ಟರ್ ಆಗಲೇ ಹೊರಟಿತ್ತು. ಟ್ರೈಲರಿನ ತುಂಬ ಚೀಲ, ಚೀಲಗಳ ಮೇಲೆ ಸಾವಂತ್ರಮ್ಮ. ಅನ್ನಪೂರ್ಣಳನ್ನು ಕಂಡವಳೇ ಪಕ್ಕದ ಚೀಲವನ್ನು ತಟ್ಟಿ, "ಬಾರವ್ವ, ಕುಂತ್ಕ ಬಾ," ಎಂದು ಕೂಗಿದಳು. ಬೇಲಿ ಕಿತ್ತು ಮಣ್ಣು ತುಳಿಸಿದ್ದ ಹೊಸ ದಾರಿಯಲ್ಲಿ ಟ್ರ್ಯಾಕ್ಟರಿನ ಮುಂದೆ ಸಣ್ಣತಿಮ್ಮಪ್ಪ ಟವೆಲು ಬೀಸುತ್ತ ಹಿಂದು ಹಿಂದಕ್ಕೆ ನಡೆಯುತ್ತಿದ್ದ. ಡ್ರೈವರು ತನಗೆ ಗೊತ್ತಾಗುತ್ತದೆ, ಪಕ್ಕಕ್ಕೆ ಸರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಸುಮ್ನಿರೋ! ದಾರಿ ತೋರ್ಸೋದು ನನ್ ಹಕ್ಕು," ಎಂದು ಗದರಿ, "ಬಲಕ್ಕೆ ತಗ, ಇನ್ನೂ ಬಲಕ್ಕೆ, ಬಾ ಬಾ ಬಾ," ಎನ್ನುತ್ತ ಸಾವಂತ್ರಮ್ಮನ ಬೆಳೆಯನ್ನು ರಸ್ತೆಯವರೆಗೂ ತಾನೇ ಕರೆತಂದ.